ಗೋದಲಿ ನಮ್ಮಲ್ಲಿ, ಕೂಸು ಅಕ್ಕನಲ್ಲಿ

ನಮ್ಮೂರಿನಲ್ಲಿ ಕ್ರಿಸ್ಮಸ್ ಕಾರ್ಡಿನ ಮೇಲೆ ಕುರಿಯ ಅಚ್ಚು ಒತ್ತಿದವರು ಬೇಲಿಯನ್ನೂ ಒತ್ತಬೇಕು. ಇಲ್ಲದಿದ್ದರೆ ಹಾಲು ಉಕ್ಕಿತೇನೋ ಎಂದು ಒಳಗೆ ಹೋಗಿ ಬರುವಷ್ಟರಲ್ಲಿ ಕುರಿ ಪಕ್ಕದ ಕಾರ್ಡಿಗೆ ದಾಟಿರುತ್ತದೆ. ಮರ, ಗಂಟೆ, ನಕ್ಷತ್ರ, ಮೇಣದಬತ್ತಿ, ಇವುಗಳ ತಂಟೆಯಿಲ್ಲ, ಒತ್ತಿದಲ್ಲೇ ಇರುತ್ತವೆ. ಕಾಲೋ ರೆಕ್ಕೆಯೋ ಇರುವ ಚಿತ್ರ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ರಬ್ಬರಿನ ಅಚ್ಚು ಡಬ್ಬಿಯಲ್ಲೇ ಇರುತ್ತದೆ, ಹೊರಟುಹೋಗುವುದು ಶಾಯಿಯ ಗುರುತು. ಅದೂ ಯಾರಾದರೂ ನೋಡುತ್ತಿದ್ದರೆ ಮಿಸುಕುವುದಿಲ್ಲ. ನಿಮ್ಮ ಕಣ್ಣು ಅತ್ತ ಹೋಯಿತೋ, ಅದು ಇತ್ತ ಹೊರಟಿತು.

ಹೊಸದಾಗಿ ಬಂದ ಸೊಸೆಯರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೇಳಿಬಿಟ್ಟರೆ ನಗುವುದಕ್ಕೆ ಏನು ಉಳಿಯುತ್ತದೆ? ನಾನು ಮದುವೆಯಾಗಿ ಬಂದ ವರ್ಷ ತವರಿಗೆಂದು ಒಂಟೆ ಏರಿದ ಮೂವರು ಜ್ಞಾನಿಗಳನ್ನು ಒತ್ತಿ ಕೈ ತೊಳೆಯಲು ಹೋದೆ. ಬಂದು ನೋಡಿದರೆ ಮರಳು ಮಾತ್ರ ಇತ್ತು. ಅದನ್ನೇ ಕಳಿಸಿದೆ. ‘ಸಮುದ್ರದ ಚಿತ್ರ ಚೆನ್ನಾಗಿದೆ’ ಎಂದು ಅಮ್ಮ ಬರೆದಳು. ಜ್ಞಾನಿಗಳು ಮೂವರೂ ಹೊಸ ವರ್ಷದ ಹೊತ್ತಿಗೆ ನಮ್ಮ ಸಭೆಯ ಪಾದ್ರಿ ಅಯ್ಯನವರ ರೇಷನ್ ಕಾರ್ಡಿನಲ್ಲಿ ಸಿಕ್ಕರು. ಕುಟುಂಬದ ಸದಸ್ಯರು ಎಂದಿರುವ ಕಡೆ ಸಾಲಾಗಿ ನಿಂತಿದ್ದರು. ಅಂಗಡಿಯವನು ಅವರ ಪಾಲಿನ ಸಕ್ಕರೆ ಕೊಡಲಿಲ್ಲವೆಂದು ಅಯ್ಯನವರು ಈಗಲೂ ಹೇಳುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಡಿಸೆಂಬರ್ ಬಂತೆಂದರೆ ಪ್ರತಿ ಮನೆಯಲ್ಲೂ ಒಬ್ಬರು ಕಾರ್ಡು ನೋಡಿಕೊಂಡು ಕೂರುತ್ತಾರೆ. ವರ್ಷವಿಡೀ ಯಾವ ಕೆಲಸಕ್ಕೂ ಒದಗದ ಗಂಡಸರಿಗೆ ಆ ತಿಂಗಳು ಮನೆಯಲ್ಲಿ ಮರ್ಯಾದೆ ಹೆಚ್ಚು, ಎರಡು ಸಲ ಕಾಫಿ. ನನ್ನ ಗಂಡ ದೇವದಾನರನ್ನೂ ಕೂರಿಸಿ ನೋಡಿದ್ದೇನೆ. ಹತ್ತು ನಿಮಿಷಕ್ಕೆ ತೂಕಡಿಸಿದರು. ಎಚ್ಚರವಾದಾಗ ಕಾರ್ಡಿನ ಹಸು ಅವರ ಬನಿಯನ್ನಿನ ಮೇಲಿತ್ತು.

ನಮ್ಮ ಮನೆಯ ಅಚ್ಚುಗಳನ್ನು ಕೊರೆದವರು ನಮ್ಮತ್ತೆ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಿಂದ ಕೊರೆದು ಮರದ ತುಂಡಿಗೆ ಅಂಟಿಸಿದ್ದು. ಮರಿಯಳು ಅತ್ತೆಯ ಚಪ್ಪಲಿ, ಯೋಸೇಫ ತೀರಿಕೊಂಡ ಮಾವನ ಚಪ್ಪಲಿ. ಕತ್ತೆ ಯಾರದೆಂದು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ. “ಚಪ್ಪಲಿಯಲ್ಲಿ ಕೊರೆದದ್ದು ನಡೆಯದೆ ಇನ್ನೇನು ಮಾಡುತ್ತೆ?” ಅನ್ನುತ್ತಾರೆ. ಅಂಗಡಿಯಿಂದ ತಂದ ಅಚ್ಚೂ ನಡೆಯುತ್ತದಲ್ಲ ಎಂದರೆ, ಕೇಳಿಸದವರ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಾರೆ.

ಅಣ್ಣತಮ್ಮಂದಿರ ಒಲೆ ಬೇರೆಯಾದಾಗ ಅತ್ತೆ ಅಚ್ಚುಗಳನ್ನೂ ಪಾಲು ಮಾಡಿದರು. ಮನುಷ್ಯರು ಹಿರಿ ಸೊಸೆಗೆ, ಪ್ರಾಣಿಗಳು ನನಗೆ. ಹಿರಿ ಸೊಸೆ ಎಂದರೆ ನನ್ನ ಓರಗಿತ್ತಿ ಎಸ್ತೇರಕ್ಕ, ಅಂಗನವಾಡಿ ಟೀಚರು. ನಾನು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಕತ್ತೆ, ಕುರಿ, ಹಸುವಿನ ಜೊತೆಗೆ ಗೋದಲಿಯೂ ನನ್ನ ಪಾಲಿಗೆ ಬಂತು, ಹುಲ್ಲು ತಿನ್ನುವವರ ಸಾಮಾನು ಎಂಬ ಲೆಕ್ಕದಲ್ಲಿ. ಹಾಗಾಗಿ ಕೂಸು ಯೇಸು ಅಕ್ಕನ ಕಡೆ, ಅದನ್ನು ಮಲಗಿಸುವ ಗೋದಲಿ ನನ್ನ ಕಡೆ. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಎರಡು ಮನೆಗಳ ನಡುವೆ ಇರುವುದು ಸೊಂಟದೆತ್ತರದ ಒಂದು ಮೋಟುಗೋಡೆ. ನಾನು ಡ್ಯೂಟಿ ಮುಗಿಸಿ ಬಂದವಳೇ ಸ್ಟಾಂಪ್ ಪ್ಯಾಡು ಹಿಡಿದು ಗೋಡೆ ದಾಟುತ್ತಿದ್ದೆ. ಅಕ್ಕ ನೇರಳೆ ಶಾಯಿಯಲ್ಲಿ ಮನುಷ್ಯರನ್ನು ಒತ್ತುತ್ತಿದ್ದರು, ನಾನು ಕೆಂಪು ಶಾಯಿಯಲ್ಲಿ ಪ್ರಾಣಿಗಳನ್ನು. ಬಾಯಿ ಮಾತ್ರ ಇಬ್ಬರದೂ ಒಂದೇ ಬಣ್ಣದ ಮಾತಾಡುತ್ತಿತ್ತು, ಹೆಚ್ಚಾಗಿ ಗಂಡಂದಿರ ಬಗ್ಗೆ. ವರ್ಷಪೂರ್ತಿ ನಾನು ಕೂತು ನಕ್ಕದ್ದು ಅಂದರೆ ಅದೇ.

ಅದು ನಿಂತದ್ದು ಹೋದ ಕ್ರಿಸ್ಮಸ್ಸಿನಲ್ಲಿ, ಒಂದು ಪಾರಿವಾಳದಿಂದ. ನಮ್ಮೂರಲ್ಲಿ ಉಡುಗೊರೆಗೆ ಕಟ್ಟುವ ಚೀಟಿಯ ಮೇಲೆ ಹೆಸರು ಬರೆಯುವುದಿಲ್ಲ, ಪಡೆಯುವವರ ಗುರುತು ಒತ್ತುತ್ತೇವೆ. ಬುದ್ಧಿವಂತರು ಬೀಗದ ಕೈ, ಲಾಟೀನು, ಹಲಸಿನಹಣ್ಣು ಅಂತ ಕದಲದ ಗುರುತು ಇಟ್ಟುಕೊಂಡಿದ್ದಾರೆ. ಅಕ್ಕ ಮಾತ್ರ ಪಾರಿವಾಳವೇ ಬೇಕೆಂದರು, ಪವಿತ್ರವಾದದ್ದಂತೆ. ಅವರಿಗೆಂದು ಕೊಂಡ ಶಾಲಿನ ಪೊಟ್ಟಣಕ್ಕೆ ಪಾರಿವಾಳದ ಚೀಟಿ ಕಟ್ಟಿ ಇಟ್ಟಿದ್ದೆ. ಅದರ ಪಕ್ಕದಲ್ಲಿ, ಚೀಟಿಯಿಲ್ಲದ ಸಣ್ಣ ಪೊಟ್ಟಣವೊಂದಿತ್ತು. ಮಾರನೇ ದಿನ ಮಹಿಳಾ ಸಂಘದವರೆಲ್ಲ ಕೂತಿದ್ದಾಗ ನನ್ನ ಮಗಳು ಲಿಡಿಯಾ ಗುರುತು ನೋಡಿ ನೋಡಿ ಉಡುಗೊರೆ ಹಂಚಿದಳು. ಪಾರಿವಾಳ ಸಣ್ಣ ಪೊಟ್ಟಣದ ಮೇಲೆ ಕೂತಿತ್ತು. ಅಕ್ಕ ಎಲ್ಲರ ಎದುರು ಬಿಚ್ಚಿದರು. ಒಳಗಿದ್ದದ್ದು ತಲೆಗೂದಲಿಗೆ ಹಚ್ಚುವ ಬಣ್ಣ, ಕಡುಗಪ್ಪು.

ಆ ವರ್ಷವಷ್ಟೇ ಅಕ್ಕನ ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಅಂಗನವಾಡಿಯ ಸೀಮೆಸುಣ್ಣದ ಪುಡಿ ಎಂದು ಅವರು ಊರಿಗೆಲ್ಲ ಹೇಳಿದ್ದರು, ಊರು ಪಾಪ ಒಪ್ಪಿಕೊಂಡಿತ್ತು. ಈಗ ಸಂಘದ ಹೆಂಗಸರು ಕಜ್ಜಾಯ ಬಾಯಲ್ಲಿಟ್ಟುಕೊಂಡು ಸೀಲಿಂಗು ನೋಡಿದರು. ಅಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, “ಎಷ್ಟು ಕಾಳಜಿ ನಿನಗೆ ನನ್ನ ಮೇಲೆ,” ಎಂದರು. ಅಷ್ಟೇ. ಅದು ಹಕ್ಕಿಯ ಕೆಲಸ ಎಂದು ನಾನು ಎಷ್ಟು ಹೇಳಿದರೂ ಊರು ನಂಬಲಿಲ್ಲ. ಹಕ್ಕಿ ಸುಮ್ಮಸುಮ್ಮನೆ ಕೂರುತ್ತದಾ, ಒತ್ತಿದವರ ಮನಸ್ಸು ಎಲ್ಲಿದೆಯೋ ಅಲ್ಲಿ ಕೂರುತ್ತದೆ ಎಂದರು. ಆ ಬಣ್ಣ ಯಾರಿಗೆಂದು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವತ್ತು ಬಾಗಿಲ ಹಿಂದೆ ನಿಂತು ಎರಡೂ ಕೈ ಮುಗಿಯುತ್ತಿದ್ದವರು ನನ್ನ ಗಂಡ.

ಆಮೇಲೆ ಗೋಡೆ ದಾಟುವುದು ನಿಂತಿತು. ಮಾತೆಲ್ಲ ಕೋಳಿಗಳ ಮೂಲಕ. ಅಕ್ಕ ಆ ಕಡೆಯಿಂದ ತಮ್ಮ ಹೇಂಟೆಗೆ, “ಅಲ್ಲಿಗೆ ಯಾಕೆ ಹೋಗ್ತೀಯೇ, ನಿನ್ನ ಪುಕ್ಕಕ್ಕೂ ಬಣ್ಣ ಬಳಿದಾರು,” ಅನ್ನುತ್ತಿದ್ದರು. ನಾನು ನಮ್ಮ ಹುಂಜಕ್ಕೆ, “ಕೆಲವರ ಮನೇಲಿ ಕಾಳಿಗಿಂತ ಕೊಂಕೇ ಜಾಸ್ತಿ ಕಣೋ, ಬಾ,” ಅನ್ನುತ್ತಿದ್ದೆ. ಕೋಳಿಗಳು ಎರಡೂ ಕಡೆ ತಿಂದು ದಪ್ಪಗಾದವು.

ಅತ್ತೆ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಇರುತ್ತಾರೆ. ಡಿಸೆಂಬರ್ ಅಕ್ಕನ ಸರದಿ. ತಿಂಗಳ ಮೊದಲ ಭಾನುವಾರ ದೇವಾಲಯದಿಂದ ಬರುತ್ತ ಅತ್ತೆ ಗೇಟಿನ ಹತ್ತಿರ ನಿಂತು ಇಬ್ಬರನ್ನೂ ಕರೆದರು. “ನೋಡಿ, ನನಗೆ ವಯಸ್ಸಾಯಿತು. ಎರಡು ಮನೇಲಿ ಎರಡು ಹಬ್ಬದೂಟ ಅರಗಿಸಿಕೊಳ್ಳೋ ಹೊಟ್ಟೆ ಇಲ್ಲ. ಕ್ರಿಸ್ಮಸ್ ಹಿಂದಿನ ದಿನ ಬಾಗಿಲ ಕಾರ್ಡು ತೂಗುಹಾಕ್ತೀರಲ್ಲ, ಯಾರ ಕಾರ್ಡಲ್ಲಿ ಕೊಟ್ಟಿಗೆ ತುಂಬಿರುತ್ತೋ ಅವರ ಮನೇಲಿ ನನ್ನ ಊಟ. ಈ ವರ್ಷ ಮಾತ್ರ ಅಲ್ಲ. ಇನ್ನು ಮುಂದೆ ಪ್ರತಿ ವರ್ಷ.” ಒಳಗೆ ಹೋಗಿ ಎಲೆ ಹಾಕಿಕೊಂಡರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಮ್ಮ ನಮ್ಮ ಬಾಗಿಲು ಹಾಕಿಕೊಂಡೆವು.

ಲಿಡಿಯಾ ಅವತ್ತೇ ಕೇಳಿದಳು, “ಅಮ್ಮ, ಅಜ್ಜಿ ಅಲ್ಲಿ ಉಂಡರೆ ನಮಗೆ ಕ್ರಿಸ್ಮಸ್ ಇಲ್ಲವಾ?” ಇದೆ ಮರೀ, ಇದ್ದೇ ಇರುತ್ತೆ ಅಂದೆ. ಅತ್ತೆ ಪ್ರಾರ್ಥನೆ ಮಾಡದ, ಮೊದಲ ತುತ್ತು ಮಕ್ಕಳ ಬಾಯಿಗೆ ಇಡದ ಹಬ್ಬ ಹೇಗಿರುತ್ತದೆಂದು ನನಗೂ ಗೊತ್ತಿರಲಿಲ್ಲ.

ಆದರೆ ಪಂದ್ಯವೇ ಎಡವಟ್ಟಿನದು. ನನ್ನ ಬಳಿ ಮನುಷ್ಯರಿಲ್ಲ, ಅವರ ಬಳಿ ಪ್ರಾಣಿಗಳಿಲ್ಲ, ಇಬ್ಬರೂ ಕೇಳುವವರಲ್ಲ. ಪ್ರಾಣಿಗಳಾದರೂ ತುಂಬಿರಲಿ ಎಂದು ನಾನು ದೊಡ್ಡ ಡ್ರಾಯಿಂಗ್ ಶೀಟಿನ ನಡುವೆ ಗೋದಲಿ ಒತ್ತಿ ಸುತ್ತಲೂ ಕತ್ತೆ, ಹಸು, ಕುರಿ ಒತ್ತಿದೆ. ಡ್ಯೂಟಿಗೆ ಹೋಗಿ ಬಂದು ನೋಡಿದರೆ ಗೋದಲಿ ಒಂದೇ ಇತ್ತು. ಗೋಡೆಯಾಚೆ ಅಕ್ಕನ ಜಗಲಿಯ ಮೇಲೆ ಅವರ ಕಾರ್ಡು ಬಿಸಿಲಿಗೆ ನಿಂತಿತ್ತು. ನೇರಳೆ ಮರಿಯಳು, ನೇರಳೆ ಯೋಸೇಫ, ಅವರ ಪಕ್ಕದಲ್ಲಿ ನನ್ನ ಕೆಂಪು ಕತ್ತೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ.

ಬೇಲಿ ಒತ್ತಿದೆ, ಕತ್ತೆ ಹಾರಿತು. ಎರಡು ಸಾಲು ಬೇಲಿ ಒತ್ತಿದೆ. ಹಸುವೂ ಹಾರಿತು, ಈ ಮೊದಲು ಹಸು ಹಾರಿದ್ದನ್ನು ಯಾರೂ ಕೇಳಿರಲಿಲ್ಲ. ಕಾರ್ಡನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಅನ್ನಕ್ಕೆ ಅಕ್ಕಿ ತೆಗೆದಾಗ ಹೊರಟುಹೋದವು. ಕೊನೆಗೆ ಹುಲ್ಲಿನ ಅಚ್ಚು ಕೊರೆದು ಮೊಣಕಾಲುದ್ದದ ಹುಲ್ಲು ಒತ್ತಿದೆ. ಇದೊಂದು ಫಲಿಸಿತು ಅನ್ನಿಸಿತು, ಕುರಿಗಳು ನಿಂತವು. ಹುಲ್ಲೆಲ್ಲ ಮುಗಿದ ಮೇಲೆ, ಒತ್ತಿದ್ದಕ್ಕಿಂತ ಎರಡರಷ್ಟು ದಪ್ಪಗಾಗಿ, ಅವೂ ಹೋದವು. ಅಕ್ಕನ ಕಾರ್ಡು ದಿನದಿನಕ್ಕೆ ತುಂಬುತ್ತಿತ್ತು. “ಮೇವು ಹಾಕಿದವರು ಒಬ್ಬರು, ಕೊಟ್ಟಿಗೆ ಇನ್ನೊಬ್ಬರದು,” ಎಂದು ಅವರು ಹೇಂಟೆಗೆ ಹೇಳುವುದು ಕೇಳಿಸಿತು. ಆ ದನಿಯಲ್ಲಿ ನಗು ಇತ್ತು. ವರ್ಷದಿಂದ ಕೇಳದ ನಗು. ಕೋಪ ಬರಬೇಕಾದ ಕಡೆ ನನಗೆ, ಹೋಗಿ ಎದುರಿಗೆ ಕೂತು ಅದನ್ನು ಪೂರ್ತಿ ಕೇಳಬೇಕು ಅನ್ನಿಸಿತು. ಕಾಲು ಗೋಡೆಯವರೆಗೆ ಹೋಗಿ ವಾಪಸ್ಸು ಬಂತು. ಕತ್ತೆಗಿರುವ ಧೈರ್ಯ ನನಗಿರಲಿಲ್ಲ.

ನನಗಿದ್ದ ಸಮಾಧಾನ ಒಂದೇ: ಅಕ್ಕನ ಬಳಿ ಗೋದಲಿ ಇಲ್ಲ. ಕೂಸನ್ನು ಎಲ್ಲಿ ಮಲಗಿಸುತ್ತಾರೆ? ಪಾಲಿನ ಲೆಕ್ಕದಲ್ಲಿ ಕೂಸು ಅಕ್ಕನದಾದರೂ ಅದರ ಅಚ್ಚು ಅತ್ತೆಯ ಎಲೆಅಡಿಕೆ ಸಂಚಿಯಲ್ಲಿರುತ್ತದೆ. ಅದನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ಕ್ರಿಸ್ಮಸ್ ಹಿಂದಿನ ದಿನ ಬೆಳಿಗ್ಗೆ ಸ್ನಾನ ಮಾಡಿ ತಾವೇ ಒತ್ತುತ್ತಾರೆ. ಈ ತಿಂಗಳು ಅವರಿರುವುದು ಅಕ್ಕನ ಮನೆಯಲ್ಲಿ, ಒತ್ತುವುದೂ ಅಲ್ಲಿಯೇ. ಪಾಪ ಕೂಸು ಬರೀ ನೆಲದ ಮೇಲೆ ಮಲಗಬೇಕಾಗುತ್ತದೆ ಎಂದು ಹುಂಜಕ್ಕೆ ಹೇಳಿದೆ, ಆ ಕಡೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಆ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದೆ. ಮೂರು ಹೆರಿಗೆ ಮಾಡಿಸಿ ಸೊಂಟ ಸೆಟೆದುಕೊಂಡಿತ್ತು. ಸೋತೆ ಎಂದು ಒಪ್ಪಿಕೊಂಡೇ ಬಾಗಿಲ ಕಾರ್ಡನ್ನು ಕೈಗೆತ್ತಿಕೊಂಡೆ. ಖಾಲಿ ಗೋದಲಿಯನ್ನಾದರೂ ತೂಗುಹಾಕೋಣ, ಬಾಗಿಲು ಬೋಳಾಗಿರುವುದು ಬೇಡ ಎಂದು. ಗೋದಲಿ ಖಾಲಿ ಇರಲಿಲ್ಲ. ಅದರೊಳಗೆ ಹುರುಳಿಕಾಳಿನಷ್ಟು ಮುಖದ ಕೂಸು ಮಲಗಿತ್ತು. ನೇರಳೆ ಶಾಯಿ, ಇನ್ನೂ ಹಸಿ.

ಕಾರ್ಡು ಹಿಡಿದುಕೊಂಡು ಹೊರಗೆ ಬಂದೆ. ಅಕ್ಕ ಆಗಲೇ ಗೋಡೆಯ ಆ ಕಡೆ ತಮ್ಮ ಕಾರ್ಡು ಹಿಡಿದು ನಿಂತಿದ್ದರು, ಸೆರಗಿಗೆ ಹಿಟ್ಟು ಮೆತ್ತಿಕೊಂಡಿತ್ತು. ಕೋಳಿಗಳು ಹತ್ತಿರ ಇರಲಿಲ್ಲ, ಹಾಗಾಗಿ ನನ್ನನ್ನೇ ಕೇಳಬೇಕಾಯಿತು. “ಜಯವಂತಿ, ನಮ್ಮ ಮರಿಯಳನ್ನ ಕಂಡೆಯಾ?”

“ಮರಿಯಳು ಗೊತ್ತಿಲ್ಲ ಅಕ್ಕ. ಕೂಸು ನಮ್ಮಲ್ಲಿದೆ.”

“ನಿಮ್ಮಲ್ಲಿ ಹೇಗೆ ಬರುತ್ತೆ? ಕೂಸು ಒತ್ತಾಯ್ತು ಅಂತ ಈಗಷ್ಟೇ ಹೇಳಿ ಅತ್ತೆ ವಾಕಿಂಗ್ ಹೋದರು. ನಾನು ಕರ್ಜಿಕಾಯಿ ಕರೀತಿದ್ದೆ. ಬಂದು ನೋಡಿದರೆ ಕೂಸೂ ಇಲ್ಲ, ತಾಯಿನೂ ಇಲ್ಲ. ನಿನ್ನ ಕತ್ತೆ ನನ್ನನ್ನೇ ದುರುಗುಟ್ಟಿ ನೋಡ್ತಿದೆ.”

ಆಗ ಇಬ್ಬರಿಗೂ ಗೋಡೆ ಕಣ್ಣಿಗೆ ಬಿತ್ತು. ಸುಣ್ಣ ಬಳಿದ ಗೋಡೆಯ ಆ ಬದಿಯಿಂದ ಹತ್ತಿ ಈ ಬದಿಗೆ ಇಳಿದು ನಮ್ಮ ಹೊಸ್ತಿಲವರೆಗೂ ಪುಟ್ಟ ಪುಟ್ಟ ನೇರಳೆ ಕಲೆಗಳು, ಎರಡೆರಡಾಗಿ. ಅಕ್ಕ ಬಗ್ಗಿ ನೋಡಿದರು. “ಅಂಬೆಗಾಲು,” ಎಂದರು, ದನಿ ಇಳಿದಿತ್ತು. “ನೆಲದ ಮೇಲೆ ಮಲಗಿಸಿದ್ದಕ್ಕೆ ಎದ್ದು ಬಂದಿದೆ, ಮಗು.” ನಾನೂ ಬಗ್ಗಿದೆ. ಮಂಡಿಯ ಗುರುತು ಎಷ್ಟು ಸ್ಪಷ್ಟವಾಗಿತ್ತೆಂದರೆ ಆ ಮಂಡಿಗೆ ಎಣ್ಣೆ ಹಚ್ಚೋಣ ಅನ್ನಿಸುವಂತಿತ್ತು.

ಗೋಡೆಯ ನೆತ್ತಿಯ ಮೇಲೆ, ನಟ್ಟನಡುವೆ, ಮರಿಯಳು ನಿಂತಿದ್ದಳು. ಹೆಬ್ಬೆರಳುದ್ದದ ನೇರಳೆ ಹೆಂಗಸು, ಸೆರಗು ಬಿಗಿದುಕೊಂಡು, ಒಂದು ಹೆಜ್ಜೆ ಮುಂದಿಟ್ಟವಳು ಹಾಗೇ ನಿಂತುಬಿಟ್ಟಿದ್ದಾಳೆ. ನಾವು ನೋಡುತ್ತಿದ್ದೆವಲ್ಲ.

“ನೋಡಬೇಡ,” ಎಂದರು ಅಕ್ಕ.

“ನೀವೂ ನೋಡಬೇಡಿ.”

ನಾನು ನನ್ನ ಕಾರ್ಡನ್ನು ಗೋಡೆಯ ಮೇಲೆ ಇಟ್ಟೆ. ಅಕ್ಕನೂ ಬಿಡಲಿಲ್ಲ, ತಮ್ಮದನ್ನು ಮರಿಯಳ ಆ ಬದಿಗೆ ಇಟ್ಟರು. ಪಂದ್ಯ ಇನ್ನೂ ಮುಗಿದಿರಲಿಲ್ಲ. ಇಬ್ಬರೂ ಬೆನ್ನು ತಿರುಗಿಸಿ ನಿಂತೆವು, ಅವರು ಅವರ ಮನೆ ನೋಡುತ್ತ, ನಾನು ನಮ್ಮ ಮನೆ ನೋಡುತ್ತ. ಎಷ್ಟು ಹೊತ್ತು ಬೇಕಾಗುತ್ತದೋ ತಿಳಿಯದು. ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಒಂದು ಅನುಕೂಲವಿದೆ, ಮುಖ ಕಾಣುವುದಿಲ್ಲ.

“ಆ ಬಣ್ಣ ನಿಮಗಲ್ಲ ಅಕ್ಕ,” ಎಂದೆ. “ಇವರದು. ಯಾರಿಗೂ ಹೇಳಬೇಡ ಅಂದಿದ್ದರು.”

“ದೇವದಾನನದಾ?”

“ಹ್ಞೂಂ.”

“ನಮ್ಮ ಮನೆತನದಲ್ಲಿ ಯಾರಿಗೂ ನರೆಯೋದಿಲ್ಲ ಅಂತ ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಹೇಳ್ತಾನಲ್ಲ.”

“ಅದೇ ದೇವದಾನ.”

ಅಕ್ಕನ ಭುಜ ಅಲ್ಲಾಡುವುದು ನೋಡದೆಯೂ ನನಗೆ ಗೊತ್ತಾಯಿತು. “ನಾನೂ ಒಂದು ಹೇಳ್ತೀನಿ, ತಿರುಗಬೇಡ,” ಎಂದರು. “ಅರ್ಧ ಡಬ್ಬಿ ನಾನೇ ಹಚ್ಚಿಕೊಂಡೆ. ಚೆನ್ನಾಗಿತ್ತು. ಉಳಿದರ್ಧ ನಿಮ್ಮ ಭಾವ ಕದ್ದರು.”

“ನಿಮ್ಮ ಶಾಲು ಇನ್ನೂ ಟ್ರಂಕಲ್ಲೇ ಇದೆ ಅಕ್ಕ. ನುಸಿಗುಳಿಗೆ ವಾಸನೆ ಬರ್ತಿರಬಹುದು.”

“ಬರಲಿ. ನನ್ನ ಹತ್ತಿರ ಯಾರು ಮೂಸಕ್ಕೆ ಬರ್ತಾರೆ.”

ತಿರುಗಿ ನೋಡಿದಾಗ ಗೋಡೆಯ ಮೇಲೆ ಮರಿಯಳಿರಲಿಲ್ಲ. ನನ್ನ ಕಾರ್ಡಿನಲ್ಲಿ, ಗೋದಲಿಯ ಪಕ್ಕ ಕೂತಿದ್ದಳು. ನಿಂತಂತೆ ಕೊರೆದ ಅಚ್ಚು ಅದು; ಕೂತದ್ದನ್ನು ನಾವಿಬ್ಬರೂ ಅದೇ ಮೊದಲು ನೋಡಿದ್ದು. ಅಕ್ಕನ ಮುಖ ಸಪ್ಪಗಾಯಿತು. “ಇರಲಿ ಬಿಡು. ತಾಯಿ ಇರಬೇಕಾದ್ದು ಕೂಸಿನ ಹತ್ತಿರ ತಾನೇ. ಅತ್ತೆ ನಿಮ್ಮಲ್ಲೇ ಉಣ್ಣಲಿ.” ಅವರ ಕಾರ್ಡಿನಲ್ಲಿ ಯೋಸೇಫನೊಬ್ಬ ನನ್ನ ದಪ್ಪ ಕುರಿಗಳ ನಡುವೆ ನಿಂತಿದ್ದ, ಮನೆಯವರೆಲ್ಲ ಬಸ್ಸು ಹತ್ತಿಹೋದ ಮೇಲೆ ಸಾಮಾನು ಕಾಯುವವನ ಹಾಗೆ. ಗೆದ್ದೆ ಎಂದು ಒಂದು ಕ್ಷಣ ನನಗೆ ಅನ್ನಿಸಿದ್ದು ಸುಳ್ಳಲ್ಲ. ಅದೇ ಕ್ಷಣ ಅಕ್ಕ ಸೆರಗಿನ ಹಿಟ್ಟು ಕೊಡವುತ್ತ ಒಳಗೆ ಹೊರಟರು. ಆ ಬಾಗಿಲು ಈಗ ಹಾಕಿಕೊಂಡರೆ ಇನ್ನೊಂದು ವರ್ಷ ಎಂದು ನನಗೆ ಹೊಳೆಯಿತು.

“ಅಕ್ಕ, ಸೂಜಿದಾರ ಇದೆಯಾ? ನಮ್ಮನೇದು ಮಕ್ಕಳು ಎಲ್ಲೋ ಹಾಕಿದ್ದಾರೆ,” ಎಂದೆ.

ಅವರು ತಂದರು. ನಾನು ವರ್ಷದ ನಂತರ ಗೋಡೆ ದಾಟಿದೆ. ಎರಡು ಕಾರ್ಡುಗಳ ಅಂಚು ಜೋಡಿಸಿ, ಗಾಯಕ್ಕೆ ಹಾಕುವಂಥ ಹೊಲಿಗೆಯನ್ನೇ ಹಾಕಿದೆ, ನನಗೆ ಬರುವುದು ಅದೊಂದೇ. ಸಂಜೆ ಕ್ಯಾರಲ್ ತಂಡ ಬರುವ ಹೊತ್ತಿಗೆ ಅದನ್ನು ಗೇಟಿಗೆ ತೂಗುಹಾಕಿದೆವು. ಅತ್ತೆ ಕನ್ನಡಕ ಏರಿಸಿ ನೋಡಿದರು. “ಇದು ಯಾರ ಕಾರ್ಡು?”

“ನಮ್ಮದು,” ಎಂದೆವು, ಇಬ್ಬರೂ.

“ಮತ್ತೆ ನಾನು ಎಲ್ಲಿ ಉಣ್ಣಲಿ?”

ಮಾರನೇ ದಿನ ಅವರು ಅಂಗಳದಲ್ಲಿ ಉಂಡರು. ಅಕ್ಕನ ಪಲಾವು, ನನ್ನ ಕೋಳಿ ಸಾರು, ಎಲ್ಲ ಪಾತ್ರೆಗಳನ್ನೂ ಮೋಟುಗೋಡೆಯ ಮೇಲೆ ಸಾಲಾಗಿಟ್ಟು ಆ ಕಡೆ ಈ ಕಡೆ ಬಡಿಸಿದೆವು. ಅಷ್ಟು ವರ್ಷದಲ್ಲಿ ಆ ಗೋಡೆಯಿಂದ ಆದ ಮೊದಲ ಉಪಯೋಗ ಅದು. ಅಕ್ಕ ಡಿಸೆಂಬರ್ ಬಿಸಿಲಲ್ಲಿ ಶಾಲು ಹೊದ್ದು ಬೆವರುತ್ತಿದ್ದರು, ತೆಗೆಯಲಿಲ್ಲ. ಅತ್ತೆ ಪ್ರಾರ್ಥನೆ ಮುಗಿಸಿ ಮಕ್ಕಳ ಬಾಯಿಗೆ ತುತ್ತಿಟ್ಟರು. ಅದನ್ನು ಅಗಿಯುತ್ತಲೇ ಲಿಡಿಯಾ ಕೇಳಿದಳು, “ಅಜ್ಜಿ, ಅಷ್ಟು ಪುಟ್ಟ ಕೂಸು ಗೋಡೆ ಹೇಗೆ ಹತ್ತಿತು?”

“ಹುಟ್ಟಿದ ದಿನವೇ ಅಂಬೆಗಾಲಿಡೋ ಕೂಸನ್ನ ನೀನು ಎಲ್ಲಾದರೂ ಕಂಡಿದ್ದೀಯಾ ಪುಟ್ಟಾ?” ಎಂದರು ಅತ್ತೆ. “ನಿಮ್ಮಮ್ಮ ದಿನಾ ಹಸುಗೂಸು ಹಿಡಿಯೋ ನರ್ಸು. ನಿಮ್ಮ ದೊಡ್ಡಮ್ಮ ಅಂಗನವಾಡಿ ಟೀಚರು. ಐದು ಮಕ್ಕಳನ್ನ ಹೆತ್ತವರು, ಇಬ್ಬರೂ ಸೇರಿ. ಇವರನ್ನ ನಂಬಿ ಊರಿನವರು ಮಕ್ಕಳನ್ನ ಬಿಡ್ತಾರೆ ನೋಡು.” ಸಾರಿನ ಕೈ ನೆಕ್ಕಿಕೊಂಡರು. ಕಿರುಬೆರಳಿನ ತುದಿ ನೇರಳೆಯಾಗಿತ್ತು.

ಅಕ್ಕ ಸೌಟು ಹಿಡಿದವರು ಹಿಡಿದೇ ನಿಂತರು. “ಹಾಗಾದರೆ ಮರಿಯಳನ್ನೂ ನೀವೇ ಗೋಡೆ ಮೇಲೆ ಒತ್ತಿದ್ದಾ ಅತ್ತೆ?”

“ಅವಳ ಅಚ್ಚು ನಿನ್ನ ಡಬ್ಬಿಯಲ್ಲಲ್ಲವಾ ಇರೋದು, ನಾನು ಯಾಕೆ ಮುಟ್ಟಲಿ? ನಾನು ಮಾಡಿದ್ದು ಕೂಸಿನದಷ್ಟೇ. ತಾಯಿ ತಾನಾಗೇ ಹೊರಟಳು.” ಅತ್ತೆ ತಟ್ಟೆ ಮುಂದೆ ಚಾಚಿದರು. “ಸಾರು ಹಾಕು. ಯಾರದ್ದು ಇದು, ಚೆನ್ನಾಗಿದೆ.”

ಯೋಸೇಫ ಬಂದದ್ದು ಊಟವೆಲ್ಲ ಮುಗಿದು ಪಾತ್ರೆ ತೊಳೆಯುವಾಗ. ನನ್ನ ಹೊಲಿಗೆಯ ಒಂದು ಗಂಟಿನಲ್ಲಿ ಅವನ ದೊಣ್ಣೆ ಸಿಕ್ಕಿಕೊಂಡಿತ್ತೆಂದು ಕಾಣುತ್ತದೆ, ಅದನ್ನು ಅಲ್ಲೇ ಬಿಟ್ಟು ಬಂದಿದ್ದ. ಮರಿಯಳ ಹಿಂದೆ ನಿಂತು, ತಾನು ಮೊದಲಿನಿಂದಲೂ ಅಲ್ಲೇ ಇದ್ದವನ ಹಾಗೆ ಕೂಸನ್ನು ನೋಡುತ್ತಿದ್ದ. ಅಕ್ಕ ಕಾರ್ಡನ್ನೂ ನೋಡಿದರು, ಜಗಲಿಯ ಮೇಲೆ ಕಪ್ಪು ತಲೆ ಬಾಚಿಕೊಂಡು ಕೂತಿದ್ದ ದೇವದಾನರನ್ನೂ ನೋಡಿದರು. ಆಮೇಲೆ ನಾವಿಬ್ಬರೂ ಎಷ್ಟು ನಕ್ಕೆವೆಂದರೆ, ಯಾರೂ ಅತ್ತ ನೋಡದ ಆ ಹೊತ್ತಿನಲ್ಲಿ, ಕತ್ತೆ ಪಲಾವಿನ ಪಾತ್ರೆಯವರೆಗೆ ಹೋಗಿ ಬಂತು.